ತಾಮ್ರದ ಗಾಯ

ಲೋಕವೆಲ್ಲ ದೇವರ ಮುಂದೆ ನಿಂತು ಕುಂದು ಕಳೆಯಪ್ಪಾ ಎಂದು ಬೇಡಿದರೆ, ನೀಲಾಂಬಿಕೆ ಬೇಡುತ್ತಿದ್ದುದು ಕುಂದು ಉಳಿಯಲೆಂದು. ಅವಳ ಡಾಕ್ಟರೇಟು ನಿಂತಿದ್ದುದೇ ಒಂದು ತಾಮ್ರದ ಬಿಲ್ಲೆಯ ಗಾಯಗಳ ಮೇಲೆ. ವಿಕಿರಣದ ಏಟಿಗೆ ಅದರೊಳಗಿನ ಪರಮಾಣುಗಳು ಕಿತ್ತುಹೋಗಿ, ಅಲ್ಲಲ್ಲಿ ಜಾಗ ಖಾಲಿ ಬಿದ್ದಿತ್ತು. ಪಾಸಿಟ್ರಾನ್ ಎಂಬ ಅಲ್ಪಾಯುಷಿ ಕಣವನ್ನು ಒಳಗೆ ಬಿಟ್ಟರೆ, ಗಾಯವಿಲ್ಲದ ಲೋಹದಲ್ಲಿ ಅದು ಹೊಕ್ಕ ಕೂಡಲೇ ಸಾಯುತ್ತದೆ. ಗಾಯವಿದ್ದರೆ, ಸಂತೆಯ ನೂಕಿನಲ್ಲಿ ಖಾಲಿ ಜಗಲಿ ಸಿಕ್ಕ ಮುದುಕನಂತೆ ಅಲ್ಲಿ ಕೂತು ಕೊಂಚ ಹೆಚ್ಚು ಬದುಕುತ್ತದೆ.

ಪರೀಕ್ಷಕರು ಬರುವುದಕ್ಕೆ ಇನ್ನೊಂದೇ ವಾರ. ವಿಜಯದಶಮಿಯ ಮರುದಿನ ಅಳೆದು ನೋಡಿದರೆ, ಪಾಸಿಟ್ರಾನುಗಳು ಹೊಸ ತಾಮ್ರದಲ್ಲಿ ಸತ್ತಷ್ಟೇ ಬೇಗ ಸತ್ತವು. ಗಾಯವೆಲ್ಲ ಮಾಯ!

“ಬಿಲ್ಲೆ ಬದಲಾಯಿಸಿದೆಯೇನಮ್ಮ?” ಅವಳ ಗೈಡ್ ಮೇಷ್ಟ್ರು ಗುಡುಗಿದರು.

“ಇಲ್ಲ ಸಾರ್, ಅದೇ ಇದು. ಅಂಚಲ್ಲಿ ನನ್ನ ಗುರುತಿದೆ ನೋಡಿ.”

“ಹಂಗಾದ್ರೆ ಯಾರೋ ಬೆಂಕಿಗೆ ಹಿಡಿದಿದಾರೆ. ಕಾವು ತಾಗಿದ್ರೆ ತಾನೇ ಈ ಗಾಯ ಕೂಡೋದು? ಯಾವ ಮಡೆಯ ಅಂತ ಹೇಳು, ಇವತ್ತೇ ಲ್ಯಾಬಿಂದ ಓಡಿಸ್ತೀನಿ!”

“ಇಲ್ಲಿಗೆ ಬೆಂಕಿ ಎಲ್ಲಿಂದ ಬರ್ಬೇಕು ಸಾರ್? ಆಯುಧಪೂಜೆಗೆ ಇರ್ಲಿ ಅಂತ ಯಂತ್ರದ ಮುಂದೆ ಇಟ್ಟು ಊರಿಗೆ ಹೋಗಿದ್ದೆ, ಅಷ್ಟೇ.”

ಮೇಷ್ಟ್ರು ಬಿಲ್ಲೆಯನ್ನು ಮೂಗಿನ ಹತ್ತಿರ ಹಿಡಿದು ಮೆಲ್ಲಗೆ ಕೇಳಿದರು:

“ಮಂಗಳಾರತಿ ತಟ್ಟೆ ಸಿಗ್ಲಿಲ್ಲ ಅಂತ ನಾನು ಕರ್ಪೂರ ಹಚ್ಚಿದ್ದು... ಇದರ ಮೇಲೇನಾ?”