ಬೈಯುವ ಫ್ರಿಜ್ಜು

ಬಾಗಿಲು ತೆಗೆದ ಕೂಡಲೇ ಫ್ರಿಜ್ಜು ಬೈಯಿತು: "ಏನ್ರೀ, ಮತ್ತೆ ಬಂದ್ರಾ? ಹೊಟ್ಟೆ ನೋಡ್ಕೊಂಡಿದ್ದೀರಾ? ನಾಚಿಕೆ ಆಗಲ್ವಾ ನಿಮಗೆ?"

ಧ್ವನಿ ಯಜಮಾನರ ಹೆಂಡತಿಯದು, ಬಾಗಿಲ ಒಳಗೆ ಅಂಟಿಸಿದ್ದ ಬೆಂಕಿಪೊಟ್ಟಣದಷ್ಟು ಯಂತ್ರದ ಕರಾಮತ್ತು. ಊರೆಲ್ಲ 'ಮೇಡಂ' ಎಂದು ಕರೆಯುವ ಆಕೆ ಕಲಿಕೆಯ ಮನೋವಿಜ್ಞಾನ ಅರೆದು ಕುಡಿದವರು. ಅತಿಯಾಗಿ ತಿನ್ನುವುದೂ ಕಲಿತ ಚಾಳಿಯೇ, ಕಲಿತದ್ದನ್ನು ಮರೆಸಲೂಬಹುದು, ಕೈ ಹಾಕಿದಾಗಲೆಲ್ಲ ಬೈಗುಳ ಬಿದ್ದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ ಎನ್ನುವುದು ಅವರ ಸಿದ್ಧಾಂತ. ಅವರ ಮಾತು ಕೇಳಿ ಅರ್ಧ ಊರೇ ತೆಳ್ಳಗಾಗಿತ್ತು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದ ಯಜಮಾನರು ಮಾತ್ರ ಯಂತ್ರ ಬಂದ ಮೇಲೆ ಇನ್ನಷ್ಟು ಉಬ್ಬಿದ್ದರು. ಮುಂದಿನ ವಾರ ಮೇಡಂ ಅವರ ಶಿಷ್ಯವೃಂದ ಮನೆಗೆ ಬರುವುದಿತ್ತು. ದೀಪದ ಬುಡದಲ್ಲಿ ಕತ್ತಲು ಇರುವುದೇನೋ ಸಹಜ. ಆ ಕತ್ತಲು ಸೋಫಾ ತುಂಬ ಕೂತಿದ್ದರೆ ಮೇಡಂ ಮುಖ ಎಲ್ಲಿಡಬೇಕು?

"ಚೂರೇ ಚೂರು ಕಣೇ," ಎಂದರು ಯಜಮಾನರು, ಫ್ರಿಜ್ಜಿಗೆ.

ಪಕ್ಕದ ಕೋಣೆಯ ಮುಚ್ಚಿದ ಬಾಗಿಲಾಚೆ ಮೇಡಂ ಫೋನಿನಲ್ಲಿ ಯಾರದೋ ಹೊಟ್ಟೆಗೆ ಧೈರ್ಯ ಹೇಳುತ್ತಿದ್ದರು. ಹೆಸರು ಬಂದಾಗಿನಿಂದ ಅವರಿಗೆ ಪುರುಸೊತ್ತಿಲ್ಲ. ಬೆಳಿಗ್ಗೆ "ಬೀಗದ ಕೈ ತಗೊಂಡ್ರಾ?", ಸಂಜೆ "ಆಮೇಲೆ ಹೇಳಿ". ದಾಂಪತ್ಯ ಅಷ್ಟಕ್ಕೇ ಬಂದು ನಿಂತಿತ್ತು. ಮಾತುಗಾತಿ ಎಂದೇ ಮೇಡಂ ಅವರನ್ನು ಮೆಚ್ಚಿ ಮದುವೆಯಾಗಿದ್ದ ಯಜಮಾನರಿಗೆ ಮನೆ ಬಿಕೋ ಎನ್ನುತ್ತಿತ್ತು. ಬೈದರೂ ಸರಿ, ಫ್ರಿಜ್ಜಾದರೂ ಮಾತಾಡಿಸುತ್ತದೆ. ಅಷ್ಟು ಬಾಯಿತುಂಬ ಮಾತಾಡಿಸಿದವರ ಬಾಗಿಲಿಂದ ಬರಿಗೈಯಲ್ಲಿ ತಿರುಗುವುದು ಮರ್ಯಾದೆಯೇ? ಒಂದು ತುಂಡು ಕೇಕು ತೆಗೆದುಕೊಂಡರು. ಬಾಗಿಲು ಮುಚ್ಚಿ, ಮತ್ತೆ ತೆಗೆದರು.

"ಏನ್ರೀ, ಮತ್ತೆ ಬಂದ್ರಾ?"

"ಬಂದೆ ಕಣೇ."

"ಯಾರ ಜೊತೆ ಮಾತು?" ಎಂದರು ಮೇಡಂ. ಫೋನು ಮುಗಿಸಿ ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು.

"ನಿನ್ನ ಜೊತೇನೇ."

"ಅಷ್ಟು ಬೈದ್ರೂ ತೆಗೀತೀರಲ್ಲ, ಕಿವಿ ಕೇಳಿಸಲ್ವಾ?"

"ಕೇಳೋಕೇ ತಾನೇ ತೆಗೆಯೋದು." ಯಜಮಾನರು ತುಟಿಗೆ ಮೆತ್ತಿದ್ದ ಕೆನೆ ಒರೆಸಿಕೊಂಡರು. ಹೇಳಬಾರದೆಂದುಕೊಂಡಿದ್ದು ಬಾಯಿಗೆ ಬಂದೇಬಿಟ್ಟಿತು. "ಹಸಿವೇನೂ ಇಲ್ಲ ಕಣೇ. ಈ ಮನೇಲಿ ನಾನು ಬಂದ್ರೆ 'ಬಂದ್ರಾ' ಅಂತ ಕೇಳೋದು ಇದೊಂದೇ."

ಮೇಡಂ ಕಣ್ಣೆತ್ತಿ ದಿಟ್ಟಿಸಿದರು. ಅವರು ಗಂಡನ ಮುಖವನ್ನು ಅಷ್ಟು ಹೊತ್ತು ನೋಡಿ ಎಷ್ಟು ಕಾಲವಾಗಿತ್ತೋ. ಮೆಲ್ಲಗೆ ಹತ್ತಿರ ಬಂದರು. ಯಜಮಾನರ ಎದೆ ಹೊಸ ಮದುಮಗನ ಎದೆಯಂತೆ ಹೊಡೆದುಕೊಂಡಿತು. ಮೇಡಂ ಗಂಡನ ಭುಜದ ಪಕ್ಕದಿಂದ ಕೈ ಚಾಚಿ ಯಂತ್ರವನ್ನು ಕಿತ್ತುಕೊಂಡರು. ಮುಖ ಅರಳಿತ್ತು.

"ತಪ್ಪೆಲ್ಲಿ ಆಗಿದೆ ಅಂತ ಈಗ ಗೊತ್ತಾಯ್ತು ರೀ. ನನ್ನ ಧ್ವನಿ ಹಾಕಿದ್ದೇ ತಪ್ಪು. ನಾಳೆ ನಮ್ಮಮ್ಮನ ಹತ್ರ ಬೈಸಿ ಹಾಕ್ತೀನಿ."