ಹದಿನಾಲ್ಕನೇ ತಾರೀಖಿನ ನೊಣ

ಸತ್ತವರು ನೊಣ ಹಿಡಿಯುವುದಿಲ್ಲ. ಅಷ್ಟಂತೂ ಖಚಿತ.

ವಿಜ್ಞಾನಿ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆದು, ನೊಣದ ಸೂಜಿಗೆ ಚುಚ್ಚಿದ್ದ ಲೇಬಲ್ಲನ್ನು ಮೂರನೇ ಸಲ ಓದಿದರು. ಹುಡುಗಿಯ ಹೆಸರು. ಬೆಟ್ಟದ ಹೆಸರು. 'ಬಂಡೆಯ ಮೇಲೆ, ಕೈಯಿಂದ ಹಿಡಿದದ್ದು.' ತಾರೀಖು ಹದಿನಾಲ್ಕು. ಹುಡುಗಿ ಆ ಬೆಟ್ಟದಿಂದ ಬಿದ್ದು ಸತ್ತದ್ದು ಅದೇ ತಿಂಗಳ ಹನ್ನೆರಡಕ್ಕೆ.

ಲೇಬಲ್ಲಿನ ಇರುವೆ ಸಾಲಿನಂಥ ಅಕ್ಷರ ಯಾರದೆಂದು ಕೇಳಬೇಕಾಗಿರಲಿಲ್ಲ. ಮೀಸೆಯಣ್ಣನದು. ಸಂಗ್ರಹಾಲಯದಲ್ಲಿ ಮೂವತ್ತೊಂದು ವರ್ಷದಿಂದ ಕೀಟಗಳಿಗೆ ಸೂಜಿ ಚುಚ್ಚಿ ಲೇಬಲ್ ಬರೆಯುವ ಮನುಷ್ಯ. ಸತ್ತ ಹುಡುಗಿಯ ಅಪ್ಪ. ಅವಳು ಇದೇ ವಿಜ್ಞಾನಿಯ ಕೈಕೆಳಗೆ ನಾಲ್ಕು ವರ್ಷ ಸಂಶೋಧನೆ ಮಾಡಿದವಳು. "ನಮ್ಮಪ್ಪನೂ ನಾನೂ ಸಂಬಳ ತಗೊಂಡು ನೊಣ ಹೊಡೆಯೋರು" ಅಂತ ಎಲ್ಲರೆದುರು ಅಪ್ಪನನ್ನು ರೇಗಿಸುತ್ತಿದ್ದಳು.

ನೊಣ ಮಾತ್ರ ಸಾಮಾನ್ಯದ್ದಲ್ಲ. ದರೋಡೆಕೋರ ನೊಣ. ಹಾರುವ ಜೇನನ್ನು ಗಾಳಿಯಲ್ಲೇ ಅಡ್ಡಗಟ್ಟಿ ಹೀರುವ ಜಾತಿ. ಮುಖದಲ್ಲಿ ಬಿರುಗೂದಲ ಪೊದೆ ಮೀಸೆ, ಹಿಂಗಾಲಿನ ತೊಡೆಯಲ್ಲಿ ಕೆಂಪು ಪಟ್ಟಿ. ಇಂಥದ್ದನ್ನು ಜಗತ್ತಿನಲ್ಲಿ ಯಾರೂ ದಾಖಲಿಸಿರಲಿಲ್ಲ. ವಿವರಣೆಯ ಲೇಖನ ನಾಳೆ ಅಚ್ಚಿಗೆ ಹೋಗಬೇಕು. ನೊಣಕ್ಕೆ ಹುಡುಗಿಯ ಹೆಸರನ್ನೇ ಇಟ್ಟಾಗಿತ್ತು. ಮೂಲ ಮಾದರಿಯಾದ ಈ ನೊಣವನ್ನು ಯಾವತ್ತು, ಎಲ್ಲಿ, ಯಾರು ಹಿಡಿದರು ಎಂಬ ಒಂದು ಸಾಲು ಬಾಕಿ. ಅದಕ್ಕೆಂದೇ ನಿನ್ನೆ ಕೇಳಿ ಲೇಬಲ್ ಹಾಕಿಸಿದ್ದು. ನೊಣ ಮಗಳ ಸಾಮಾನಿನ ಜೊತೆ ಸಿಕ್ಕಿತು ಅಂತ ಮೀಸೆಯಣ್ಣ ನಾಲ್ಕು ತಿಂಗಳ ಹಿಂದೆ ತಂದುಕೊಟ್ಟಿದ್ದ. ಆಗ ಯಾರೂ ಏನೂ ಕೇಳಿರಲಿಲ್ಲ.

ಮನೆಯಲ್ಲಿ ಹುಡುಗಿಯ ಅಮ್ಮ ಆ ಅಚ್ಚಾದ ಪುಟಕ್ಕೆ ಕಾಯುತ್ತಿದ್ದರು. ವಾರಕ್ಕೆರಡು ಸಲ ಫೋನ್ ಮಾಡಿ, "ಬಂತಾ ಮೇಡಂ? ಒಂದೊಂದು ಅಕ್ಷರಾನೂ ಓದ್ಬೇಕು ನಾನು" ಅನ್ನುತ್ತಿದ್ದರು. ಫೋನ್ ಇಡುವ ಮೊದಲು ತಪ್ಪದೆ ಇನ್ನೊಂದು ಮಾತು: "ಬಿದ್ದ ತಕ್ಷಣ ಹೋಗ್ಬಿಟ್ಟಿದಾಳೆ. ನೋವು ಗೊತ್ತೇ ಆಗಿಲ್ಲ ನನ್ನ ಕಂದಂಗೆ." ಆ ತಾಯಿ ಇನ್ನೂ ಎದ್ದು ಓಡಾಡುತ್ತಿದ್ದದ್ದು ಆ ಒಂದು ಮಾತಿನ ಆಸರೆಯಲ್ಲಿ.

ಈಗ ನೋಡಿದರೆ ಈ ಲೇಬಲ್. ಕೈಯಿಂದ ಹಿಡಿದದ್ದಂತೆ! ಬಲೆ ಹಿಡಿದು ಓಡುವವರಿಗೇ ಚಳ್ಳೆಹಣ್ಣು ತಿನ್ನಿಸುವ ನೊಣ ಅದು. ವಿಜ್ಞಾನಿಗೆ ಅನುಮಾನವೇ ಉಳಿಯಲಿಲ್ಲ. ಯಾವುದೋ ಹಳೆಯ ಪೆಟ್ಟಿಗೆಯ ನೊಣಕ್ಕೆ ಅಪ್ಪ ಮಗಳ ಹೆಸರು ಅಂಟಿಸಿದ್ದಾನೆ. ದುಃಖದಲ್ಲಿ ತಾರೀಖನ್ನೂ ತಪ್ಪಾಗಿ ಬರೆದಿದ್ದಾನೆ. ಅಯ್ಯೋ ಪಾಪ ಅನ್ನಿಸಿತು. ಅದರ ಹಿಂದೆಯೇ ಸಿಟ್ಟೂ ಬಂತು.

"ಮೀಸೆಯಣ್ಣ, ಈ ಲೇಬಲ್ ಬರೆದದ್ದು ನೀವೇ ತಾನೇ?"

"ನಾನೇ ಮೇಡಂ."

"ತಾರೀಖು ನೋಡಿದ್ರಾ?"

ಆತ ಕೈಯಲ್ಲಿದ್ದ ಕುಂಚವನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಹನ್ನೆರಡು ಅಂತ ಹಾಕ್ಬಿಡಿ. ಇಲ್ಲ, ಹನ್ನೊಂದು ಅಂತಾನೇ ಹಾಕಿ."

ವಿಜ್ಞಾನಿಗೆ ನಂಬಲಾಗಲಿಲ್ಲ. ಒಂದು ಸೊನ್ನೆ ತಿದ್ದಿದ ವಿದ್ಯಾರ್ಥಿಗಳ ಜನ್ಮ ಜಾಲಾಡುತ್ತಿದ್ದ ಮನುಷ್ಯ ಇವನು.

"ಅಷ್ಟು ಸುಲಭ ಆಗಿದ್ರೆ ನೀವೇ ಯಾಕೆ ಹಾಗೆ ಬರೀಲಿಲ್ಲ?"

"ಬರೆಯೋಕೆ ನೋಡಿದೆ. ಕೈ ಬರಲಿಲ್ಲ."

"ಹಾಗಾದ್ರೆ ಈ ನೊಣ ಅಚ್ಚಾಗೋದಿಲ್ಲ. ಮಗಳ ಹೆಸರೂ ಇರೋದಿಲ್ಲ."

ಅಂಗಲಾಚುತ್ತಾನೆ ಅಂದುಕೊಂಡಿದ್ದರು. ಆತ ದೊಡ್ಡದೊಂದು ಉಸಿರು ಬಿಟ್ಟ. "ಬಿಟ್ಬಿಡಿ ಮೇಡಂ. ನಿಮಗೆ ಪುಣ್ಯ ಬರುತ್ತೆ. ಇದು ಗೊತ್ತಿರೋ ನೊಣಾನೇ ಅಂತೆ ಅಂತ ಮನೇಲಿ ಹೇಳ್ತೀನಿ."

ಇದೊಳ್ಳೆ ಕಥೆಯಾಯಿತಲ್ಲ! "ನಿಜ ಹೇಳಿ. ನೊಣ ಯಾವ ಪೆಟ್ಟಿಗೆಯದ್ದು?"

ಆತ ತನ್ನ ಮೇಜಿನ ಖಾನೆಯ ಬೀಗ ತೆಗೆದು ಪೊಲೀಸರ ಮೊಹರಿದ್ದ ಚೀಲವೊಂದನ್ನು ತಂದು ಮುಂದಿಟ್ಟ. ಐದು ವಾರ ಕಳೆದು ಶವ ಸಿಕ್ಕಾಗ ಅಂಗಿಯ ಜೇಬಿನಲ್ಲಿದ್ದದ್ದಂತೆ. ನೊಣ ಇದ್ದ, ಹೆಬ್ಬೆರಳಿನಷ್ಟು ಸೀಸೆ, ಅರ್ಧ ಸ್ಪಿರಿಟ್ಟು, ಅದರೊಳಗೊಂದು ಚೀಟಿ. ಕೀಟ ಹಿಡಿದ ಕೂಡಲೇ ಪೆನ್ಸಿಲ್ಲಿನಲ್ಲಿ ಬರೆದು ಒಳಗೆ ಹಾಕುವ ಚೀಟಿ. ಉಸಿರಾಡುವಷ್ಟೇ ಸಹಜವಾಗಿ ಅದನ್ನು ಮಾಡುವಂತೆ ಮಗಳಿಗೆ ಕಲಿಸಿದ್ದು ಈ ಅಪ್ಪನೇ.

ವಿಜ್ಞಾನಿ ಚೀಟಿಯನ್ನು ಇಕ್ಕಳದಿಂದ ಎತ್ತಿ ಮಸೂರದಡಿ ಹಿಡಿದರು. ನಾಲ್ಕು ವರ್ಷ ಕರಡು ತಿದ್ದಿ ಅಭ್ಯಾಸವಾದ ಹುಡುಗಿಯ ಕೈಬರಹ. ಅಕ್ಷರಗಳು ಅತ್ತಿತ್ತ ನಡುಗಿದ್ದವು. ಬಂಡೆಯ ಮೇಲೆ. ಕೈಯಿಂದ. ಹದಿನಾಲ್ಕು.

ಆ ನೊಣ ಕೈಗೆ ಸಿಗಬೇಕಾದರೆ ಮನುಷ್ಯರು ಬಿಸಿಲಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ಬಿದ್ದಿರಬೇಕು. ಅದು ಬಂದು ಮೈಮೇಲೆಯೇ ಕೂರುವಷ್ಟು ಹೊತ್ತು.

"ಎರಡು ದಿನ..." ಎಂದರು ವಿಜ್ಞಾನಿ. ಕಣ್ಣೀರು ಚೀಟಿಯ ಮೇಲೆ ಬೀಳದಂತೆ ಮುಖ ಪಕ್ಕಕ್ಕೆ ತಿರುಗಿಸಿದರು.

"ಅವಳ ಬ್ಯಾಗು, ಒಂದು ಶೂ ಅವತ್ತೇ ಕೆಳಗಿನ ಹೊಳೇಲಿ ಸಿಕ್ಕಿದ್ವು" ಎಂದ ಮೀಸೆಯಣ್ಣ. "ಹುಡುಕೋಕೆ ಹಗ್ಗ ಕಟ್ಟಿ ಇಳಿದಿದ್ದ ಒಬ್ಬನ ಕಾಲೂ ಮುರೀತು. ಅವನಿಗೂ ಮನೇಲಿ ಅಪ್ಪ ಅಮ್ಮ ಇದ್ರು. ಇವಳ ಅಮ್ಮ ಮಾತ್ರ, ಇನ್ನೊಂದೇ ಒಂದು ದಿನ ನೋಡಿ ಅಂತ ಎಲ್ಲರ ಕಾಲು ಹಿಡೀತಿದ್ಲು."

ಆತ ನೊಣದ ಪೆಟ್ಟಿಗೆಯ ಮುಚ್ಚಳ ಹಾಕಿದ.

"ಹದಿಮೂರರ ಬೆಳಿಗ್ಗೆ, ಅವಳು ಹೋಗಿಬಿಟ್ಟಿದಾಳೆ, ಹುಡುಕೋದು ನಿಲ್ಲಿಸಿ ಅಂತ ರುಜು ಹಾಕಿದ್ದು ನಾನು."