ರಿಮೋಟಿನ ಕೆಂಪು ಚುಕ್ಕೆ

ಡಿಶ್‌ನ ಹೊಸ ಡಬ್ಬಿಗೆ ಪೆನ್‌ಡ್ರೈವ್ ಸಿಕ್ಕಿಸಿದ ಕೂಡಲೇ ಟಿವಿಯ ಮೇಲೆ ಇಂಗ್ಲಿಷಿನಲ್ಲಿ ಒಂದು ಪ್ರಶ್ನೆ ಮೂಡಿತು. ಪೆನ್‌ಡ್ರೈವಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮುಂದುವರಿಯಲೇ, ಹೌದಾದರೆ ಓಕೆ ಒತ್ತಿ ಎಂದು ಅದು ಕೇಳುತ್ತಿತ್ತು. ಮಲ್ಲೇಶ್ವರಿ ಎರಡು ಸಲ ಓದಿಕೊಂಡಳು.

"ಏನ್ ಬರ್ದೈತಿ ಮಲ್ಲವ್ವ? ನನ್ ಮಗ ಯಾಕ ಬರವಲ್ಲ?" ಅತ್ತೆ ಮಾನಮ್ಮ ಹೊಸ ರಿಮೋಟನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಅಕ್ಷರ ಬಾರದ ಅವಳಿಗೆ ಗೊತ್ತಿದ್ದದ್ದು ಒಂದೇ ಗುಂಡಿ, ನಡುವಿನ ಓಕೆ. ಹಳೆಯದರ ಹಾಗೆ ಇದರಲ್ಲೂ ಆ ಗುಂಡಿಗೆ, ತಾನು ಹಚ್ಚುವುದನ್ನು ಬಿಟ್ಟಿದ್ದ ಉಗುರುಬಣ್ಣದಿಂದ ಮಲ್ಲೇಶ್ವರಿಯೇ ಕೆಂಪು ಚುಕ್ಕೆ ಇಟ್ಟುಕೊಟ್ಟಿದ್ದಳು.

ಭೀಮೆಗೆ ಮಹಾಪೂರ ಬಂದಾಗ ಸುದ್ದಿಯವರು ದಂಡೆಯ ಮೇಲೆ ಬಸಲಿಂಗನನ್ನು ಮಾತಾಡಿಸಿದ್ದರು. "ಹೊಳಿ ನಮಗೇನ್ ಮಾಡ್ತೈತ್ರಿ, ನಾವು ಮೀನ ಹಿಡಿಯೋ ಮಂದಿ" ಎಂದು ಅವನು ನಕ್ಕಿದ್ದ. ಗಂಡ ಟಿವಿಯಲ್ಲಿ ಬಂದನೆಂಬ ಹಿಗ್ಗಿನಲ್ಲಿ ಮಲ್ಲೇಶ್ವರಿಯೇ ಅದನ್ನು ಈ ಪೆನ್‌ಡ್ರೈವಿಗೆ ರೆಕಾರ್ಡ್ ಮಾಡಿದ್ದಳು. ಮರುದಿನ ಹೊಳೆಯಿಂದ ಮನೆಗೆ ಬಂದದ್ದು ಅವನ ಹೆಣ. ಅಂದಿನಿಂದ ದಿನಾ ಸಂಜೆ ಅತ್ತೆ ಆ ಚುಕ್ಕೆ ಒತ್ತುತ್ತಿದ್ದಳು, ಅವನು ಅದೇ ಮಾತು ಹೇಳಿ ನಗುತ್ತಿದ್ದ, ಮಲ್ಲೇಶ್ವರಿ ಒಲೆಯ ಮುಂದೆ ಕೂತು ಕೇಳುತ್ತಿದ್ದಳು.

ಹಳೆಯ ಡಬ್ಬಿಯಲ್ಲಿ ರೆಕಾರ್ಡ್ ಆದದ್ದು ಆ ಡಬ್ಬಿಯಲ್ಲೇ ಓಡಬೇಕು. ಅದನ್ನು ಚೀಲಕ್ಕೆ ಹಾಕಿಕೊಂಡ ಡಿಶ್‌ನವನು ಇನ್ನೂ ಅಂಗಳದಲ್ಲಿ ಗಾಡಿಗೆ ಕಿಕ್ ಹೊಡೆಯುತ್ತಿದ್ದ. ಒಂದು ಸಲ ಕೂಗಿದರೆ ಸಾಕಿತ್ತು.

"ಬಾಯಾಗ ಕಡಬು ತುರ್ಕೊಂಡೀಯೇನ? ಹೇಳ."

ಗಾಡಿಯ ಸದ್ದು ಓಣಿ ದಾಟುವವರೆಗೂ ಮಲ್ಲೇಶ್ವರಿ ಕಾದಳು.

"ನಿಮ್ಮ ಚುಕ್ಕಿ ಒತ್ತಬೇಕಂತ್ರಿ, ಅತ್ತಿ" ಎಂದಳು.